ಭುಜ ತಿರುಗಿಸಿದರೆ ದಾರಿ

"ಮೇನ್ ಸ್ವಿಚ್ ಮುಟ್ಟಬೇಡಿ, ನಿಮ್ಮ ದಮ್ಮಯ್ಯ!" ಮಗಳು ಫೋನಿನಲ್ಲಿ ಪಿಸುಗುಟ್ಟಿದಳು. ಇನ್ನೊಂದು ಕೈಯಲ್ಲಿ ಬಂದವರಿಗೆ ಹಾಕಬೇಕಿದ್ದ ಕುರ್ಚಿ. ಒಳಕೋಣೆಯಲ್ಲಿ ಅಮ್ಮನ ದೇಹ.

"ನಾನೇನ್ ಮಾಡ್ಲಿ ತಾಯಿ," ಎಂದ ಕಾಲೇಜಿನ ಕಾವಲುಗಾರ. "ನಿಮ್ಮಮ್ಮ ಮೇಡಂ ಗೌರವಕ್ಕೆ ಅಂತ ಕಾಲೇಜಿಗೆ ರಜೆ ಕೊಟ್ಟಿದಾರೆ. ಮಧ್ಯಾಹ್ನ ಕರೆಂಟೆಲ್ಲ ತೆಗೀಬೇಕಂತೆ. ಯಾರಾದ್ರೂ ಮೇಷ್ಟ್ರು ಬಂದು ಕೂತ್ರೆ ಮಾತ್ರ ಬಿಡ್ತೀನಿ."

ಅಮ್ಮನ ಪ್ರಯೋಗಾಲಯದ ಕುಲುಮೆಯೊಳಗೆ ಲಿಥಿಯಂ ಸಲ್ಫೇಟ್ ಎಂಬ ಉಪ್ಪಿನ ಹರಳೊಂದು ನಿಧಾನವಾಗಿ ತಣಿಯುತ್ತಿತ್ತು. ಥಟ್ಟನೆ ತಣಿದರೆ ಸೀಳಿಹೋಗುತ್ತದೆ. ಅದನ್ನು ಬೆಳೆಸಲು ಅಮ್ಮ ವರ್ಷಗಟ್ಟಲೆ ಒದ್ದಾಡಿದ್ದಳು. ಅವಳ ಹೃದಯ ನಿಲ್ಲಲು ಒಂದು ಗಳಿಗೆ ಸಾಕಾಗಿತ್ತು.

"ಹೆತ್ತವಳಿಗಿಂತ ಉಪ್ಪು ಹೆಚ್ಚಾಯ್ತೇನೆ?" ಸೋದರಮಾವ ಗದರಿದ. "ಎಲ್ಲಿಗೂ ಹೋಗ್ಬೇಡ, ಕೂತ್ಕೋ."

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಛತ್ರಿ ಮಡಚಿದರು. ಅಡ್ಡಗಾಲು ಮೇಷ್ಟ್ರು! ಕಾಲೇಜಿನಲ್ಲಿ ಅಮ್ಮನ ಪಕ್ಕದ ಕೋಣೆಯವರು. ಆ ಹೆಸರಿಟ್ಟವಳೂ ಅಮ್ಮನೇ.

*

"ಕಿಕ್ಕಿರಿದ ಬಸ್ಸು ಅಂದ್ಕೋ," ಅಮ್ಮ ಊಟಕ್ಕೆ ಕೂತಾಗ ಹೇಳುತ್ತಿದ್ದಳು. "ನಿಂತವರು ಸಲ್ಫೇಟು. ಇಳಿಯೋ ಪುಟಾಣಿ ಲಿಥಿಯಂ. ಬಿಸಿಯಾದಾಗ ನಿಂತವರು ನಿಂತಲ್ಲೇ ಭುಜ ತಿರುಗಿಸ್ತಾರೆ, ಪುಟಾಣಿ ತೂರ್ಕೊಂಡು ಹೋಗುತ್ತೆ. ಅದಕ್ಕೇ ಅಷ್ಟು ಗಟ್ಟಿ ಹರಳಲ್ಲೂ ಕರೆಂಟು ಹರಿಯೋದು."

"ಅಡ್ಡಗಾಲು ಏನಂತಾರೆ?"

"ಭುಜಾನೂ ಇಲ್ಲ ಗಿಜಾನೂ ಇಲ್ಲ, ಬಿಸಿಗೆ ಬಸ್ಸೇ ಅಗಲ ಆಗುತ್ತೆ, ಜಾಗ ಸಿಗುತ್ತೆ ಅಷ್ಟೆ, ಅಂತಾನೆ!"

ಅವರನ್ನು ಬೈದ ದಿನ ಅವಳು ಒಂದು ತುತ್ತು ಹೆಚ್ಚಿಗೇ ಉಣ್ಣುತ್ತಿದ್ದಳು. ತಣಿಯುವಾಗ ಹರಳಿನ ಕಟ್ಟು ಬದಲಾಗುತ್ತದೆ. ಆ ಹೊತ್ತಿನಲ್ಲಿ ತಿರುಗುವುದೂ ಹರಿಯುವುದೂ ಒಟ್ಟಿಗೇ ನಿಂತರೆ ಅವಳು ಗೆದ್ದಂತೆ; ಹರಿವೊಂದೇ ನಿಂತರೆ ಮೇಷ್ಟ್ರು.

*

ಮೇಷ್ಟ್ರು ದೇಹದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಮಗಳ ಹತ್ತಿರ ಬಂದು, "ಕುಲುಮೆ?" ಎಂದರು.

ಹೇಳಲೋ ಬೇಡವೋ? ಅಮ್ಮನ ಕೊನೆಯ ಹರಳು ಇವರ ಕೈಗಾ?

"ಮಧ್ಯಾಹ್ನ ಕರೆಂಟು ತೆಗೀತಾರಂತೆ, ಸಾರ್."

ಅವರು ಛತ್ರಿಯನ್ನೂ ತೆಗೆದುಕೊಳ್ಳದೆ ಓಡಿದರು.

"ಮಣ್ಣಿಗೂ ನಿಲ್ಲಲಿಲ್ಲ ನೋಡು," ಮಾವ ಗೊಣಗಿದ.

ಮಣ್ಣು ಮುಗಿಯುವವರೆಗೂ ಮಗಳ ಜೀವದಲ್ಲಿ ಜೀವವಿರಲಿಲ್ಲ. ಸಮಯಕ್ಕೆ ಮುಟ್ಟಿದರೋ ಇಲ್ಲವೋ? ಮುಟ್ಟಿಯೂ ಬೇಕೆಂತಲೇ ಸುಮ್ಮನಿದ್ದುಬಿಟ್ಟರೆ? ಫೋನು ಮಾಡಿದರೆ ಎತ್ತಲಿಲ್ಲ. ಎದುರಿಗೆ ಅಮ್ಮ ಮಣ್ಣಿಗಿಳಿಯುತ್ತಿದ್ದಳು, ತಾನು ಉಪ್ಪಿನ ಹರಳಿಗೆ ಹೆದರುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಹೆದರಿಕೆ ಮಾತ್ರ ಹೋಗಲಿಲ್ಲ.

ಸಂಜೆ ನೇರ ಪ್ರಯೋಗಾಲಯಕ್ಕೆ ಹೋದಳು. ಕುಲುಮೆಯ ಕೆಂಪು ಅಂಕಿಗಳು ಉರಿಯುತ್ತಿದ್ದವು. ಮೇಷ್ಟ್ರು ಅಳತೆ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕುಗ್ಗಿ ಕೂತಿದ್ದರು.

"ಹರಳು ಉಳೀತು. ಹರಿವು ನಿಂತಿತಮ್ಮ."

"ತಿರುಗೋದು?"

"ಇನ್ನೂ ತಿರುಗ್ತಾನೇ ಇವೆ. ಜಾಗ ಬಿಗಿಯಾಗಿದೆ, ಅಷ್ಟೆ. ಇಪ್ಪತ್ತು ವರ್ಷದಿಂದ ನಾನು ಹೇಳಿದ್ದೇ ಸರಿ."

ಗೆದ್ದವರ ಮುಖದಂತಿರಲಿಲ್ಲ ಅದು. "ಈಗ ಯಾರಿಗೆ ಹೇಳ್ಲಿ?" ಎಂದರು. "ನಿಮ್ಮಮ್ಮ ಇದ್ದಿದ್ರೆ ಏನಂತಿದ್ರು?"

ಮಗಳು ಹಲ್ಲಿನ ಡಾಕ್ಟರು. ಈ ವಿದ್ಯೆ ಅವಳದಲ್ಲ. ಆದರೂ ಉತ್ತರ ತಾನಾಗಿ ಬಂತು. "'ಒಂದ್ಸಲ ನೋಡಿ ಕುಣೀಬೇಡಿ, ಮತ್ತೆ ಕಾಯಿಸಿ ನೋಡಿ' ಅಂತಿದ್ಲು."

ಮೇಷ್ಟ್ರು ಸರಕ್ಕನೆ ತಲೆಯೆತ್ತಿದರು. "ಹಠಮಾರಿ ಹೆಂಗಸು!" ಎಂದು ಗುಂಡಿ ತಿರುವಿದರು.

ಅಂಕಿಗಳು ಮೇಲೇರತೊಡಗಿದವು. ಅವರು ಕನ್ನಡಕ ಒರೆಸಿಕೊಂಡು, ಕುಲುಮೆಯತ್ತ ಬಾಗಿ, ಮೆಲ್ಲಗೆ ವಾದಕ್ಕಿಳಿದರು. ಒಂದು ಮಾತಾಡುವರು. ಎದುರಿನವರು ಉತ್ತರ ಕೊಟ್ಟು ಮುಗಿಸುವಷ್ಟು ಹೊತ್ತು ಸುಮ್ಮನಿರುವರು. ಆಮೇಲೆ ತಲೆಯಾಡಿಸಿ, "ಅಲ್ಲ, ಅಲ್ಲ," ಎಂದು ಮುಂದುವರಿಸುವರು.