ಫುಟ್‌ಬೋರ್ಡಿನ ಮೇಲೆ ಕೂತವನು

ಮದ್ದೂರಿನ ಶೌಕತ್ ಅಲಿ ಕ್ಯಾಮರಾದ ಮುಚ್ಚಳ ತೆಗೆದರೆ ಶಿಂಷಾ ನದಿಯೇ ಹರಿಯುವುದನ್ನು ಬಿಟ್ಟು ನೆಟ್ಟಗೆ ನಿಲ್ಲುತ್ತಿತ್ತು. ಅಂಥವನು ಅಂದು ಮುಚ್ಚಳ ಮುಟ್ಟಲೂ ಹಿಂದೆಮುಂದೆ ನೋಡುತ್ತಿದ್ದ. ಯುದ್ಧಕಾಲ, ಫೋಟೋ ಮೂಡಿಸುವ ಗಾಜಿನ ಪ್ಲೇಟು ಉಳಿದಿದ್ದುದು ಒಂದೇ. ಎದುರಿಗಿದ್ದವನು ಪೈಲ್ವಾನ ಅಪ್ಪಾಜಿ, ಸೀನಿದರೆ ಮಂಡ್ಯದ ಸಕ್ಕರೆ ಕಾರ್ಖಾನೆಯ ಹೊಗೆ ದಿಕ್ಕು ಬದಲಿಸುತ್ತಿತ್ತು. ತನ್ನ ಕಾರಿನ ಫೋಟೋ ಕೆಡಿಸಿದನೆಂದು ಮಳವಳ್ಳಿಯ ಫೋಟೋದವನ ಬೆರಳುಗಳನ್ನು ಕಬ್ಬಿನಂತೆ ಲಟಕ್ಕನೆ ಮುರಿದು ಬಂದಿದ್ದ.

“ಸಾಬ್ರೇ, ಕಾರು ಮದುವೆ ಗಂಡಿನಂಗೆ ಕಾಣ್ಬೇಕು. ಇಲ್ಲಾಂದ್ರೆ ನಿಮ್ ಬೆರಳೂ ನೆಟ್ಟಗಿರಾಕಿಲ್ಲ.”

ವೈದ್ಯನಾಥಪುರದ ದಾರಿಯಲ್ಲಿ, ಹೊಂಗೆಯ ನೆರಳಿಗೆ ಶೌಕತ್ ಕಾರನ್ನು ಓರೆಯಾಗಿ ನಿಲ್ಲಿಸಿದ. ಅಪ್ಪಾಜಿ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದ್ದ, ನೆರಳಲ್ಲೂ ಕಣ್ಣು ಕುಕ್ಕುತ್ತಿತ್ತು. ಹೊಳಪು ಕೊಲ್ಲಲು ಶೌಕತ್ ಬಾನೆಟ್ಟಿಗೆ ಹುಳಿಮಜ್ಜಿಗೆ ಬಳಿದ.

“ನನ್ ಕಾರೇನು ಮೊಸರನ್ನದ ತಪ್ಪಲೆಯೇನ್ಲಾ?” ಎಂದು ಅಪ್ಪಾಜಿ ಬಾರಿಸಿದ ಏಟಿಗೆ ಶೌಕತ್ತನ ಹಲ್ಲು ಶಿಂಷಾ ದಾಟಿ ಆಚೆ ದಡಕ್ಕೆ ಬಿತ್ತು.

ರಕ್ತ ಉಗುಳಿ ಶೌಕತ್ ಹೇಳಿದ: “ಎಣ್ಣೆ ಮಿಂಚಿದ್ರೆ ಬರೀ ಬಿಸಿಲೇ ಬರೋದು ಯಜಮಾನ್ರೇ, ಕಾರು ಬರಲ್ಲ. ಈಗ ಬಾಗಿಲ ಕೆಳಗಿನ ಫುಟ್‌ಬೋರ್ಡಿನ ಮೇಲೆ ಕಾಲಿಡಿ. ಮುಚ್ಚಳ ಹಾಕೋವರೆಗೂ ಅಲ್ಲಾಡ್ಬೇಡಿ.”

ಬೆಳಕು ತೊಟ್ಟುತೊಟ್ಟಾಗಿ ನಿಧಾನಕ್ಕೆ ಪ್ಲೇಟಿಗಿಳಿಯಲೆಂದು ಲೆನ್ಸಿನ ತೂತನ್ನು ಸಾಸಿವೆಯಷ್ಟು ಕಿರಿದು ಮಾಡಿ ಮುಚ್ಚಳ ತೆಗೆದನೋ ಇಲ್ಲವೋ, ಅಪ್ಪಾಜಿಯ ಭಾವಮೈದ ಹುಚ್ಚೀರಯ್ಯ ದೊಣ್ಣೆಯವರೊಂದಿಗೆ ನುಗ್ಗಿದ.

“ಕಾಲು ತೆಗಿ ಭಾವ! ನಮ್ಮಕ್ಕನ ಬಳುವಳಿ ಕಾರು ಇದು. ಅಲ್ಲಿ ಕಾಲಿಡೋನು ನಾನು!”

ಅಪ್ಪಾಜಿಯ ಗುದ್ದು ದವಡೆಗೆ ಬಿತ್ತು. ಹುಚ್ಚೀರಯ್ಯ ಫುಟ್‌ಬೋರ್ಡಿನ ಮೇಲೆ ಕುಸಿದು, ಬಾಗಿಲಿಗೆ ತಲೆಯೊರಗಿಸಿ ಪ್ರಜ್ಞೆ ತಪ್ಪಿದ. ಅವನ ಕಡೆಯವರು ಅಪ್ಪಾಜಿಯ ಮೇಲೆ ಬಿದ್ದರು. ದೊಣ್ಣೆ ಮುರಿದವು, ಮೂಗು ಒಡೆದವು, ಹೊಂಗೆಯ ಎಲೆಯೆಲ್ಲ ಕೆಂಪಾಯಿತು. ಹಾರಿ ಬಂದ ಕಲ್ಲು ಶೌಕತ್ತನ ಹುಬ್ಬು ಸೀಳಿತು. ಆದರೂ ಅವನು ಮುಚ್ಚಳ ಹಾಕಲಿಲ್ಲ; ಈಗಲೇ ಮುಚ್ಚಿದರೆ ಪ್ಲೇಟೂ ಹೋಯಿತು, ಬೆರಳೂ ಹೋದವು. ಕ್ಯಾಮರಾದ ಕಾಲನ್ನು ತಬ್ಬಿ ಕಾದ.

ಮರುದಿನ ಫೋಟೋ ನೋಡಿ ಅಪ್ಪಾಜಿಯ ಬಾಯಿ ತೆರೆದೇ ಇತ್ತು. ಕಾರು ಮದುವೆ ಗಂಡೇ ಸರಿ! ಕಾಳಗದ ಒಂದು ಕೂದಲೂ ಇರಲಿಲ್ಲ. ಆದರೆ ಫುಟ್‌ಬೋರ್ಡಿನ ಮೇಲೆ ಹುಚ್ಚೀರಯ್ಯ, ಊಟ ಮುಗಿಸಿ ಒರಗಿದ ಯಜಮಾನನಂತೆ ಕೂತಿದ್ದ.

“ನಾನೆಲ್ಲಿ?”

“ನೀವು ಹೊಡೀತಾ ಅಲ್ಲಾಡಿದ್ರಿ. ಅಲ್ಲಾಡಿದೋರು ಪ್ಲೇಟಿಗೆ ಹತ್ತಲ್ಲ. ಅವ್ರು ಅಲ್ಲಾಡಲಿಲ್ಲ.”

ಅಪ್ಪಾಜಿ ಶೌಕತ್ತನ ಕೈಯನ್ನು ಮೇಜಿಗೆ ಒತ್ತಿ ಮುಷ್ಟಿ ಎತ್ತಿದ. ಶೌಕತ್ ಇನ್ನೊಂದು ಕೈಯಿಂದ ಗಾಜಿನ ಪ್ಲೇಟನ್ನು ಬೆರಳ ಮೇಲೆ ಸರಿಸಿದ.

“ಹೊಡೀರಿ. ಮೊದ್ಲು ನಿಮ್ ಕಾರೇ ಒಡೆಯೋದು.”

ಮುಷ್ಟಿ ಗಾಳಿಯಲ್ಲೇ ನಿಂತಿತು. ಹುಟ್ಟಿದಂದಿನಿಂದ ಅಪ್ಪಾಜಿ ಅಷ್ಟು ಅಲುಗದೆ ನಿಂತಿದ್ದೇ ಇಲ್ಲ. ಒಳ್ಳೆಯ ಫೋಟೋ ಬರುತ್ತಿತ್ತು; ತೆಗೆಯಲು ಪ್ಲೇಟಿರಲಿಲ್ಲ.

ಕೊನೆಗೆ ಕೈ ಸಡಿಲಿಸಿ ಕೇಳಿದ: “ಆ ನನ್ಮಗನ್ನ ಅಳಿಸಾಕಾಯ್ತದಾ?”

“ಅಳಿಸ್ಬೋದು. ಜೊತೆಗೆ ಕಾರಿನ ಬಾಗಿಲೂ ಹೋಯ್ತದೆ.”

“ಬುಡಿ ಅತ್ಲಾಗೆ,” ಎಂದ ಅಪ್ಪಾಜಿ. “ಕೂತಿರ್ಲಿ.”