ಹಳದಿ ಬಿಟ್ಟ ಗಾಜಿನ ಸಾಕ್ಷಿ

ಮೊದ್ಲು ಆ ನಗೋದು ನಿಲ್ಸಿ. ವಯಸ್ಸಾಯ್ತು, ಮರೆವು ಬಂದಿದೆ, ಒಂದಕ್ಕೆ ಇನ್ನೊಂದು ಸೇರಿಸಿ ಹೇಳ್ತಾನೆ ಅಂತ ತಾನೆ ನಿಮ್ಮ ಗುಸುಗುಸು? ನನಗೆ ಗೊತ್ತು. ಪಕ್ಕದಲ್ಲಿ ಕೂತಿದೆಯಲ್ಲ ಈ ಫ್ಲ್ಯಾಶ್ ಗನ್ನು, ಇದೇ ಹಬ್ಬಿಸಿರೋದು. ಇದಕ್ಕೇನು ನೆನಪಿರತ್ತೆ ರೀ? ಒಂದು ಸಲ ಪಳಾರ್ ಅಂತು, ಮುಗೀತು. ಕಣ್ಣು ಮಿಟುಕಿಸೋಷ್ಟು ಹೊತ್ತು ಬದುಕೋ ಪ್ರಾಣಿ ಇದು. ನಾನು ಹಂಗಲ್ಲ. ನಾನು ನೋಡಿದ್ದು ನೋಡಿದ್ದೇ. ಈ ವಾಯ್ಸ್ ನೋಟನ್ನ ಮಧ್ಯದಲ್ಲಿ ನಿಲ್ಲಿಸಬೇಡಿ, ಸ್ಪೀಡ್ ಹೆಚ್ಚಿಸಿ ಓಡಿಸಲೂ ಬೇಡಿ. ಒಬ್ಬ ಮನುಷ್ಯನ ಮರ್ಯಾದೆ ಇದೆ ಇದರಲ್ಲಿ.

ನಾನು ಒಂದು ಲೆನ್ಸು. ಹಳೇ ಫಿಲಂ ಕ್ಯಾಮೆರಾದ ಲೆನ್ಸು. ಹುಟ್ಟಿದ್ದು ಜಪಾನಲ್ಲಿ, ಬಿಳೀ ಕೋಟು ಹಾಕ್ಕೊಂಡು ಉಸಿರು ಬಿಗಿಹಿಡಿದು ಕೆಲಸ ಮಾಡೋ ಜನಗಳ ಮಧ್ಯೆ. ನನ್ನ ಮುಂದಿನ ಗಾಜು ಬಲು ಅಗಲ. ಬೇರೆ ಲೆನ್ಸುಗಳು ಲೈಟು ಹಾಕಿ, ಲೈಟು ಹಾಕಿ ಅಂತ ಗೋಗರೆಯೋ ಜಾಗದಲ್ಲಿ ನನಗೆ ಒಂದು ಕಿಟಕಿ ಬೆಳಕಿದ್ರೆ ಸಾಕು, ಮನುಷ್ಯನ ರೆಪ್ಪೆಗೂದಲು ಕಾಣೋ ಹಂಗೆ ಚಿತ್ರ ಕೊಡ್ತೀನಿ.

ಅದಕ್ಕೆ ಕಾರಣ ನನ್ನ ಹೊಟ್ಟೆಯೊಳಗಿರೋ ಇನ್ನೊಂದು ಗಾಜು. ಅದಕ್ಕೆ ಥೋರಿಯಂ ಅಂತ ಒಂದು ಲೋಹ ಬೆರೆಸಿ ಕರಗಿಸಿದ್ರು, ಬೆಳಕು ಚೆನ್ನಾಗಿ ಬಗ್ಗಲಿ ಅಂತ. ಬಗ್ತು, ಇಲ್ಲ ಅನ್ನಲ್ಲ. ಆದ್ರೆ ಅದು ಸುಮ್ನೆ ಕೂರೋ ಪೈಕಿ ಅಲ್ಲ. ಒಳಗೊಳಗೇ ಕಿರಣ ಬಿಡ್ತಾ ಬಿಡ್ತಾ, ವರ್ಷಗಟ್ಟಲೆ ಆದ್ಮೇಲೆ ತಾನಿರೋ ಗಾಜನ್ನೇ ಹಳದಿ ಮಾಡಿಬಿಡತ್ತೆ. ಇದನ್ನ ನನ್ನ ಕೊಂಡವರಿಗೆ ಯಾರೂ ಹೇಳಲಿಲ್ಲ. ಹೇಳಿದ್ರೆ ಕೊಳ್ತಾರಾ?

ಮೈಸೂರಿಗೆ ನನ್ನ ತಂದಿದ್ದು ಕೊಲಂಬೋಗೆ ಹೋಗಿಬರ್ತಿದ್ದ ಒಬ್ಬ ವ್ಯಾಪಾರಿ. ಗಾಡಿಚೌಕದ ಹತ್ರ ಸ್ಟುಡಿಯೋ ಇಟ್ಟಿದ್ದ ಶ್ರೀಕಂಠಾರಾಧ್ಯರ ಕೈಗೆ ಬಂದೆ. ಭಾರೀ ಅನುಮಾನದ ಮನುಷ್ಯ. ನನ್ನ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ರು, ಕಿವಿ ಹತ್ರ ಅಲ್ಲಾಡಿಸಿದ್ರು, ಕೊನೆಗೆ ಮೂಸಿಯೂ ನೋಡಿದ್ರು. ಏನು, ನಾನು ಹಲಸಿನ ಹಣ್ಣಾ? ಆ ವ್ಯಾಪಾರಿ ಟೀ ಕುಡಿದು ಹೋಗೋವರೆಗೂ ಅವರು ನನ್ನ ಕೈಯಿಂದ ಕೆಳಗಿಡಲಿಲ್ಲ, ಬದಲಾಯಿಸಿಬಿಟ್ಟಾನು ಅಂತ. ಆ ಗುಣ ಮಗಳಿಗೂ ಬಂತು. ಅದನ್ನ ಆಮೇಲೆ ಹೇಳ್ತೀನಿ.

ಆರಾಧ್ಯರಿಗೆ ನಾನು ಬೇಕಾಗಿದ್ದು ಗರಡಿಗೆ. ಅವರ ಸ್ಟುಡಿಯೋ ಹಿಂದಿನ ಬೀದಿಯಲ್ಲಿ ಒಂದು ಗರಡಿಮನೆ. ಕುಸ್ತಿಗೆ ಹದ ಮಾಡಿದ ಕೆಂಪು ಮಣ್ಣು, ಅದೇ ಮಟ್ಟಿ, ತಗ್ಗು ಬಾಗಿಲು, ಮೇಲೆ ಒಂದೇ ಒಂದು ಸಣ್ಣ ಕಿಟಕಿ. ಅಲ್ಲಿ ಫ್ಲ್ಯಾಶ್ ಹಾಕಂಗಿಲ್ಲ. ಉಸ್ತಾದ್ ಚಿಕ್ಕಬೋರಯ್ಯ ಮಾಡಿದ ಕಾನೂನು. "ಪಟ್ಟು ಹಾಕಿರೋ ಹೊತ್ತಲ್ಲಿ ಕಣ್ಣಿಗೆ ಮಿಂಚು ಹೊಡೆದ್ರೆ ಕತ್ತು ಮುರ್ಕೋತಾನೆ ನನ್ನ ಹುಡುಗ. ಅದೇನು ನಿಮ್ಮಪ್ಪ ಜೋಡಿಸಿ ಕೊಡ್ತಾನಾ ಆರಾಧ್ಯರೇ?" ಅಂತ ಮುಖಕ್ಕೇ ಕೇಳಿದ್ರಂತೆ. (ಕೇಳಿಸ್ಕೊಂಡ್ಯೇನಪ್ಪ ಫ್ಲ್ಯಾಶ್ ಗನ್ನು?) ಅಲ್ಲಿಂದ ಗರಡಿ ಒಳಗೆ ನಾನೊಬ್ಬನೇ. ಮೈಗೆ ಮಟ್ಟಿ ಮೆತ್ಕೊಂಡ ಪೈಲ್ವಾನರು, ಬೆವರು, ಉಬ್ಬಿದ ನರ, ಎಲ್ಲಾ ನಾನು ಹಿಡಿದಿದ್ದು.

ಬಣ್ಣದ ಫಿಲಂ ಬರೋ ಹೊತ್ತಿಗೆ ನನ್ನ ಹೊಟ್ಟೆ ಹಳದಿ ತಿರುಗೋಕೆ ಶುರುವಾಗಿತ್ತು. ಚಿತ್ರಗಳೆಲ್ಲಾ ಸಂಜೆ ಬಿಸಿಲಲ್ಲಿ ತೆಗ್ದಂಗೆ ಬರೋವು. ಆರಾಧ್ಯರಿಗೆ ಯಾಕೆ ಅಂತ ತಿಳೀಲಿಲ್ಲ, ಆದ್ರೆ ಇಷ್ಟ ಆಯ್ತು. ಮಗಳು ಸರ್ವಮಂಗಳಾ ಆ ಚಿತ್ರ ನೋಡ್ಕೊಂಡೇ ಬೆಳೆದ್ಲು. ಅವಳ ಲೆಕ್ಕದಲ್ಲಿ ಅದು ಅಪ್ಪನ ಬಣ್ಣ. ಅವಳಿಗೆ ಗೊತ್ತಿಲ್ಲದ್ದು ಏನು ಅಂದ್ರೆ, ಅದು ಅಪ್ಪನ ಬಣ್ಣ ಅಲ್ಲ, ನನ್ನ ಮುಪ್ಪು.

ಆರಾಧ್ಯರು ತೀರ್ಕೊಂಡ್ರು. ನಾನು ಬೀರುವಿನ ಕತ್ತಲಿಗೆ ಹೋದೆ. ಅಲ್ಲಿ ಬೂಷ್ಟು ಹಿಡೀತು, ಹಳದಿ ಇನ್ನೂ ಗಟ್ಟಿಯಾಯ್ತು, ಸ್ಟ್ರಾಂಗ್ ಟೀ ಡಿಕಾಕ್ಷನ್ ಥರ. ಆಚೆ ಕಡೆ ಮಂಗಳಾ ಸ್ಟುಡಿಯೋ ನಡೆಸ್ತಿದ್ಲು, ಡಿಜಿಟಲ್ ಕ್ಯಾಮೆರಾ ತಂದಿದ್ಲು. ಒಂದು ಬೇಸಿಗೇಲಿ ಗರಡಿಯವರು ಬಂದು ಕೇಳಿದ್ರು: ಗರಡಿಗೆ ನೂರು ವರ್ಷ ತುಂಬತ್ತೆ, ನಿಮ್ಮಪ್ಪ ತೆಗ್ದಂಗೆ ನೀನು ಚಿತ್ರ ತೆಗೆದುಕೊಡಬೇಕು. ಫ್ಲ್ಯಾಶ್ ಕೂಡದು. ಹೆಂಗಸರು ಮಟ್ಟಿ ತುಳಿಯಂಗಿಲ್ಲ, ಹೊಸಿಲಾಚೆ ನಿಂತು ತೆಗಿ. ಅವಳ ಹೊಸ ಲೆನ್ಸಿಗೆ ಆ ಕತ್ತಲಲ್ಲಿ ಏನೂ ಕಾಣಲಿಲ್ಲ. ಚಿತ್ರ ಎಲ್ಲಾ ರವೆ ಚೆಲ್ಲಿದಂಗೆ ಬಂತು. ಆಗ ನೆನಪಾದೆ ನಾನು.

ನನಗೆ ಆ ಕ್ಯಾಮೆರಾ ನೋಡಿದ್ರೇ ಅನುಮಾನ. ಒಳಗೆ ರೀಲಿಲ್ಲ. ಮತ್ತೆ ನಾನು ಕೊಟ್ಟ ಚಿತ್ರ ಎಲ್ಲಿಗೆ ಹೋಗತ್ತೆ? ಅದರ ಬಾಯಿಗೂ ನನ್ನ ತ್ರೆಡ್ಡಿಗೂ ಹೊಂದಲ್ಲ. ಅದಕ್ಕೆ ಮಧ್ಯೆ ಒಂದು ಬಳೆ ತರಿಸಿದ್ಲು, ಅಡಾಪ್ಟರ್ ಅಂತೆ. ಈ ಕಡೆ ನನ್ನನ್ನ ಹಿಡ್ಕೊಳ್ಳತ್ತೆ, ಆ ಕಡೆ ಕ್ಯಾಮೆರಾನ. ಎರಡು ಮನೆಗೂ ಸಲ್ಲೋ ದಳ್ಳಾಳಿ ಥರ. ನೀವು ನಂಬ್ತೀರಾ ಅಂಥವನ್ನ? ನಾನು ನಂಬಲಿಲ್ಲ. ಸರಿಯಾಗೇ ಮಾಡ್ದೆ. ಆ ಬಳೆ ದಪ್ಪ ಜಾಸ್ತಿ ಇತ್ತು. ಹತ್ರದ್ದೆಲ್ಲಾ ಸ್ಪಷ್ಟ, ದೂರದ್ದು ಮಸಕು ಮಸಕು. ಎದುರು ಬೀದಿ ಬೋರ್ಡು ಓದೋಕಾಗಲ್ಲ ಅಂದ್ರೆ ಏನು ಲೆನ್ಸದು?

ಮಂಗಳಾ ನನ್ನೂ ಬಳೇನೂ ಎತ್ಕೊಂಡು ಮೌನೇಶನ ಅಂಗಡಿಗೆ ಹೋದ್ಲು. ಮೌನೇಶ ಕ್ಯಾಮೆರಾ ರಿಪೇರಿಯವನು, ಆರಾಧ್ಯರ ಕಾಲದಿಂದ ಪರಿಚಯ. ಮುಂದಿನ ಕೋಣೆ ಅಂಗಡಿ, ಹಿಂದೆ ಮನೆ. ಮಂಗಳಾ ಮದುವೇಲಿ ಅಣ್ಣನ ಜಾಗದಲ್ಲಿ ನಿಂತು ಅರಳು ಹಾಕಿದವನು ಅವನೇ.

"ಬೂಷ್ಟು ತೆಗಿ ಮೌನೇಶಣ್ಣ, ಬಳೆ ಸರಿ ಮಾಡು. ಹಳದಿ ಮಾತ್ರ ಇದ್ದಂಗಿರ್ಲಿ. ಅದು ಅಪ್ಪನ ಬಣ್ಣ."

"ನಾನು ತೆಗೀತೀನಿ ಅಂದ್ರೂ ಅದು ಹೋಗಲ್ಲ ಕಣಮ್ಮ. ನೀನು ನಿಶ್ಚಿಂತೆಯಾಗಿ ಹೋಗು."

ಆ ಮಾತು ಹಿಡ್ಕೊಳ್ಳಿ.

ಅವನು ಬಳೇನ ಎಮೆರಿ ಕಾಗದದ ಮೇಲೆ ಉಜ್ಜಿ ಉಜ್ಜಿ ತೆಳ್ಳಗೆ ಮಾಡ್ದ. ನನ್ನ ಬಿಚ್ಚಿ, ಬೂಷ್ಟು ಒರೆಸಿ, ಮುಚ್ಚಿ ಬೆಂಚಿನ ಮೇಲಿಟ್ಟ. ಅವನ ಸ್ಕ್ರೂಡ್ರೈವರ್ ಮೇಲೂ ಒಂದು ಕಣ್ಣಿಟ್ಟಿದ್ದೆ ನಾನು. ಒಂದು ತಿರುಪೂ ಆಚೆ ಈಚೆ ಹೋಗಲಿಲ್ಲ. ಮಾರನೇ ದಿನ ಅವನಿಗೆ ಡೆಂಗಿ ಜ್ವರ. ಆಸ್ಪತ್ರೆ, ಆಮೇಲೆ ಹಾಸಿಗೆ. ಅಂಗಡಿ ಮುಚ್ತು.

ಅವನ ತಾಯಿ ಕಾಳಮ್ಮ ಒಂದಿನ ಅಂಗಡಿ ಗುಡಿಸೋಕೆ ಬಂದು ನನ್ನ ಎತ್ಕೊಂಡು ಮೂಸಿದ್ಲು. ಈ ಊರಲ್ಲಿ ನನ್ನ ಕಂಡವರೆಲ್ಲಾ ಮೂಸೋರೇ. "ಥೂ, ಮುಗ್ಗಲು" ಅಂದ್ಲು. ಬೂಷ್ಟು ಹಿಡಿದಿದ್ದು ಅಂತ ಮಗ ಹೇಳಿದ್ದು ಕೇಳಿಸ್ಕೊಂಡಿದ್ಲು. ಬೇಳೆಗೆ ಬೂಷ್ಟು ಬಂದ್ರೆ ಏನು ಮಾಡ್ತೀರಿ? ಬಿಸಿಲಿಗೆ ಹಾಕ್ತೀರಿ. ನನ್ನೂ ಹಾಕಿದ್ಲು. ತಾರಸಿ ಮೇಲೆ, ಹಳೇ ಪಂಚೆ ಮೇಲೆ, ಅರಳು ಸಂಡಿಗೆ ಪಕ್ಕದಲ್ಲಿ. ಬೆಳಿಗ್ಗೆ ಇಡೋಳು, ಮಧ್ಯಾಹ್ನ ಸಂಡಿಗೆ ಮಗುಚುವಾಗ ನನ್ನೂ ಮಗುಚೋಳು, ಸಂಜೆ ಮೊರದಲ್ಲಿ ಒಳಗೆ ತರೋಳು. ಒಂದಿನ ನನ್ನ ಗಾಜಿಂದ ಬಿಸಿಲು ಒಂದೇ ಕಡೆ ಕೂಡಿ ಪಂಚೆ ಸುಟ್ಟು ತೂತು ಬಿತ್ತು. "ಹಾಳಾದವ್ನೆ, ಇನ್ನೊಂಚೂರಿದ್ರೆ ಸಂಡಿಗೆಗೂ ಬೆಂಕಿ ಹಚ್ತಿದ್ದೆ" ಅಂತ ಬೈದು, ಅವತ್ತಿಂದ ನನ್ನ ಕೆಳಗೆ ಹಂಚಿನ ಚೂರು ಇಟ್ಲು.

ವಾರಗಳು ಹೋದ್ವು. ನನ್ನೊಳಗೆ ಏನೋ ಹಗುರ ಆಗ್ತಾ ಬಂತು. ಬಿಸಿಲು ಹಳದಿಯನ್ನ ದಿನಾ ಒಂಚೂರು ಒಂಚೂರು ತಿಂದುಹಾಕ್ತು. ಮೊದ್ಲು ಟೀ, ಆಮೇಲೆ ಜೇನು, ಆಮೇಲೆ ತಿಳಿನೀರು. ಜಪಾನಲ್ಲಿ ಕಣ್ಣು ಬಿಟ್ಟಾಗ ಆಕಾಶ ಹೆಂಗಿತ್ತೋ ಹಂಗೆ ಕಂಡೆ. ಕಾಳಮ್ಮನಿಗೆ ಇದು ತಿಳೀಲಿಲ್ಲ, ಅವಳ ಕಣ್ಣಿಗೆ ಪೊರೆ ಬಂದಿತ್ತು. ಮುಗ್ಗಲು ಹೋಯ್ತು ಅಂತ ಅಂಗಡಿ ಬೆಂಚಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟು ಬಂದ್ಲು.

ಮೌನೇಶ ಎದ್ದು ಕೂತ, ಮಂಗಳಾ ಬಂದ್ಲು. ಬಳೆ ಹಾಕಿ, ನನ್ನ ತಿರುಗಿಸಿ, ಕ್ಯಾಮೆರಾಗೆ ಜೋಡಿಸಿದ್ಲು. ಎದುರು ಬೀದಿ ಬೋರ್ಡು ಅಕ್ಷರ ಅಕ್ಷರ ಕಾಣ್ತು. ಮುಖ ಅರಳ್ತು. ಆಮೇಲೆ ನನ್ನ ಬಿಚ್ಚಿ ಒಂದು ಬಿಳೀ ಕಾಗದದ ಮೇಲೆ ಹಿಡಿದ್ಲು. ಅರಳಿದ್ದು ಮುದುಡ್ತು.

"ಹಳದಿ ಎಲ್ಲಿ ಮೌನೇಶಣ್ಣ?"

ಅವನು ಇಸ್ಕೊಂಡು ಬಾಗಿಲ ಬೆಳಕಿಗೆ ಹಿಡಿದ. "ಅಯ್ಯೋ ಶಿವನೇ! ಎಲ್ಲಿ ಹೋಯ್ತು?"

"ಅದನ್ನೇ ನಾನು ಕೇಳ್ತಿರೋದು."

"ನಾನು ಬೂಷ್ಟು ಒರೆಸ್ದೆ, ಮುಚ್ಚಿಟ್ಟೆ. ಅಷ್ಟೇ ಕಣಮ್ಮ."

"ಹೋಗಲ್ಲ ಅಂತ ಹೇಳಿದ್ದು ನೀನೇ. ಹೋಗಿರೋದು ಕಣ್ಣೆದುರಿಗಿದೆ. ಚಿಪ್ಪು ನಮ್ಮಪ್ಪಂದು, ನಂಬರೂ ಅದೇ ಇದೆ. ಒಳಗಿನ ಗಾಜು ಯಾರದ್ದು?"

ಒಳಗಿಂದ ಕಾಳಮ್ಮ ಬಂದ್ಲು. "ಅದ್ಯಾಕವ್ವ ಕೂಗಾಡ್ತೀಯ? ನಾನೇ ಬಿಸಿಲಿಗಿಟ್ಟಿದ್ದೆ, ಸಂಡಿಗೆ ಜೊತೆ. ನೋಡು, ಪಂಚೆ ಸುಟ್ಟಾಕಿದೆ ಮುಂಡೇದು."

ಮೌನೇಶ ತಾಯಿ ಮೇಲೇ ಎಗರಿಬಿದ್ದ. "ನನ್ನ ಬೆಂಚು ಮುಟ್ಟಬೇಡ ಅಂತ ಎಷ್ಟು ಸಲ ಹೇಳಿಲ್ಲ ನಿಂಗೆ? ಒಳಗೆ ಗಾಜು ಕೂಡಿಸಿರೋ ಅಂಟು ಕರಗಿದ್ರೆ ಏನು ಗತಿ? ಸುಮ್ನಿರವ್ವ ನೀನು!"

ದಡ್ಡ! ಅವಳು ನಿನ್ನ ಉಳಿಸೋ ಮಾತು ಹೇಳ್ತಾವ್ಳೆ, ನೀನು ಅವಳ ಬಾಯಿ ಮುಚ್ಚಿಸ್ತೀಯ!

ಮಂಗಳಾ ನಕ್ಕಳು. ಕೆಟ್ಟ ನಗು. "ಗಾಜು ಏನು ಚೀಟಿ ಸೀರೆನಾ, ಬಿಸಿಲಿಗೆ ಬಣ್ಣ ಬಿಡೋಕೆ? ಪಂಚೆಗೆ ಬೀಡಿ ಕಿಡಿ ಬಿದ್ರೂ ತೂತಾಗತ್ತೆ. ಕಥೆ ಕಟ್ಟೋದಾದ್ರೆ ತಾಯಿ ಮಗ ಮೊದ್ಲೇ ಕೂತು ಮಾತಾಡ್ಕೋಬೇಕಿತ್ತು."

"ಮಂಗಳಾ, ನಿಮ್ಮಪ್ಪನ ವಸ್ತು ನಾನು..."

"ಅಪ್ಪನ ಹೆಸರು ಎತ್ತಬೇಡ."

ನನ್ನ ಎತ್ಕೊಂಡು ಹೊರಟುಹೋದ್ಲು. ಮನೆಗೆ ಹೋಗಿ ಫೋನಲ್ಲಿ ಹುಡುಕಿದ್ಲು. ಏನು ಹುಡುಕಿದ್ಲು ಗೊತ್ತಾ? ಗಾಜಿನ ಹಳದಿ ಯಾಕೆ ಹೋಗತ್ತೆ ಅಂತ ಹುಡುಕಿದ್ರೆ ಎರಡು ನಿಮಿಷದ ಕೆಲಸ. ಅದಲ್ಲ. ಈ ಹಳೇ ಲೆನ್ಸಿಗೆ ಈಗ ಎಷ್ಟು ಗಿರಾಕಿ ಅಂತ ಹುಡುಕಿದ್ಲು. ಗಿರಾಕಿ ಇದೆ ಅಂತ ಕಂಡಿದ್ದೇ ತಡ, ಅನುಮಾನ ಹೋಗಿ, ಮೌನೇಶ ಒಳಗಿನ ಗಾಜು ಕದ್ದು ಮಾರಿದ ಅಂತ ತೀರ್ಮಾನ ಆಯ್ತು. ಕೋಪ ಬಂದೋರು ಹುಡುಕೋದೇ ಹಿಂಗೆ.

ಬೇರೆ ಸ್ಟುಡಿಯೋದವರಿಗೂ ಹೇಳಿದ್ಲು. ಅವರಿಗೆ ಇದ್ದಕ್ಕಿದ್ದಂಗೆ ಜ್ಞಾಪಕ ಬಂತು: ನನ್ನ ಕ್ಯಾಮೆರಾನೂ ಅವನ ಹತ್ರ ಹೋಗಿ ಬಂದ್ಮೇಲೆ ಮೊದಲಿನಂಗಿಲ್ಲ, ನಂದೂ ಹಂಗೇ. ಸುಳ್ಳು. ಮೌನೇಶನ ಬೆಂಚು ಖಾಲಿಯಾಗ್ತಾ ಬಂತು. ಇನ್ನೂ ಕೆಟ್ಟದ್ದು ಹೇಳ್ಲಾ? ಅವನಿಗೇ ಅವನ ಮನೆಯವರ ಮೇಲೆ ಅನುಮಾನ ಬಂತು, ಗಾಜು ಬದಲಾಯಿಸಿದ್ರೇನೋ ಅಂತ. ಜ್ವರದಲ್ಲಿ ನೋಡೋಕೆ ಬಂದಿದ್ದ ಭಾವಮೈದನ ಚೀಲ ಹುಡುಕ್ದ. ಅವನು ಅವತ್ತು ಹೋದವನು ಈ ಕಡೆ ತಲೆ ಹಾಕಿಲ್ಲ. ಮಂಗಳಾ ಇದನ್ನೆಲ್ಲಾ ಫೋನಲ್ಲಿ ಹೇಳ್ಕೊಂಡು ನಗ್ತಿದ್ಲು, ನಾನು ಮೇಜಿನ ಮೇಲಿದ್ದೆ.

ಗರಡಿ ಚಿತ್ರ ತೆಗೆದ್ಲು, ನನ್ನಿಂದಲೇ. ಗತಿ ಇರಲಿಲ್ಲ. ಹೊಸಿಲಾಚೆ ನಿಂತಿದ್ಲು, ಕಿಟಕಿಯಿಂದ ಒಂದು ಪಟ್ಟಿ ಬೆಳಕು, ಇಬ್ಬರು ಹುಡುಗರು ಮಟ್ಟಿಯಲ್ಲಿ. ಬಳೆ ಜಪ್ಪಯ್ಯ ಅನ್ನಲಿಲ್ಲ. ಮೌನೇಶ ಉಜ್ಜಿದ್ದು ಅಷ್ಟು ಸರಿಯಾಗಿತ್ತು. ಬೆನ್ನ ಮೇಲಿನ ಮಟ್ಟಿ ಕಣ ಕಣ ಬಂತು ಕ್ಯಾಮೆರಾದಲ್ಲಿ. ಗರಡಿಯವರು ನೋಡಿ, "ಥೇಟ್ ನಿಮ್ಮಪ್ಪನ ಕೈ ಕಣವ್ವ" ಅಂದ್ರು. ಅವಳು ಸ್ಟುಡಿಯೋಗೆ ಬಂದು ನನ್ನ ಈ ಗಾಜಿನ ಬೀರುವಿಗೆ ಹಾಕಿ, ಮುಂದೆ ಪರದೆ ಎಳೆದ್ಲು.

ಈಗ ಇಲ್ಲೇ ಇದೀನಿ. ಪರದೆ ಸಂದಿಯಿಂದ ಬೀದಿ ಒಂಚೂರು ಕಾಣತ್ತೆ. ಮೌನೇಶ ದಿನಾ ಹೋಗ್ತಾನೆ, ಈ ಕಡೆ ಫುಟ್‌ಪಾತ್ ಬಿಟ್ಟು ಆ ಕಡೆ ದಾಟಿ. ಸ್ಟುಡಿಯೋ ಹತ್ರ ಬಂದಾಗ ತಲೆ ತಗ್ಗಿಸ್ತಾನೆ. ಕದ್ದವನು ತಲೆ ತಗ್ಗಿಸಲ್ಲ ರೀ. ಅದನ್ನೂ ಅವಳು ತಪ್ಪಾಗೇ ಓದ್ಕೊಂಡಿದ್ದಾಳೆ, "ನೋಡು, ಮುಖ ತೋರ್ಸೋಕಾಗಲ್ಲ" ಅಂತಾಳೆ ಗಂಡನ ಹತ್ರ.

ಈ ಕತ್ತಲಲ್ಲಿ ನಾನು ಮತ್ತೆ ಹಳದಿ ಆಗ್ತಾ ಇದೀನಿ, ಅಷ್ಟಂತೂ ನಿಜ. ಯಾವತ್ತೋ ಒಂದಿನ ಪರದೆ ಸರಿಸಿ, ನನ್ನ ಬಿಳೀ ಕಾಗದದ ಮೇಲೆ ಹಿಡಿದ್ರೆ ಅವಳಿಗೆ ಅಪ್ಪನ ಬಣ್ಣ ಮತ್ತೆ ಕಾಣತ್ತೆ. ಬೇರೆ ಗಾಜಾಗಿದ್ರೆ ಹೆಂಗೆ ಬರ್ತಿತ್ತು ಅಂತ ಅವಳೇ ಕೇಳ್ಕೋತಾಳೆ. ಆದ್ರೆ ನಾನು ಬಲು ನಿಧಾನ. ಅಷ್ಟು ವರ್ಷ ಮೌನೇಶ ಕಾಯೋಕಾಗಲ್ಲ. ಕಾಳಮ್ಮ ಅಂತೂ ಕಾಯಲ್ಲ.

ಅದಕ್ಕೇ ನಿಮ್ಮನ್ನ ಬೈದು ಕೂರಿಸ್ಕೊಂಡಿದ್ದು. ನನ್ನ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಇದನ್ನ ಮಾತ್ರ ನಿಮ್ಮಲ್ಲೇ ಇಟ್ಕೋಬೇಡಿ. ಗಾಡಿಚೌಕದ ಕಡೆ ಯಾರ ನಂಬರ್ ಇದ್ರೂ ಕಳಿಸಿ. ಅವರು ಇನ್ನೊಬ್ಬರಿಗೆ ಕಳಿಸ್ಲಿ. ಹೆಂಗೋ ಮಂಗಳನ ಕಿವಿಗೆ ಬೀಳಲಿ: ಮುದುಕಿ ಬಿಸಿಲಿಗಿಟ್ಟಿದ್ದು ನಿಜ ಕಣಮ್ಮ. ನಿಮ್ಮಣ್ಣ ಕಳ್ಳ ಅಲ್ಲ.