ಕೇಟಿಯ ಮನೆಮಾತು

ಬಲಗಾಲಿನ ಶೂ ಒಳಗೆ ಹೋಗಲಿಲ್ಲ. ವಿನುತಾ ಕಾಲ್ಬೆರಳುಗಳನ್ನು ಮಡಚಿ ಬಿಗಿಹಿಡಿದಿದ್ದಳು. ರತ್ನಾ ಮಂಡಿಯೂರಿ ಕೂತು ಹಿಮ್ಮಡಿ ಒತ್ತಿದಳು.

"ರಿಲ್ಯಾಕ್ಸ್ ಯುವರ್ ಫುಟ್, ವಿನು."

ಏಳು ವರ್ಷದ ಹುಡುಗಿ ಗೋಡೆ ನೋಡುತ್ತಿದ್ದಳು. ಕೇಟಿ ಸತ್ತ ಸುದ್ದಿ ಕೇಳಿದಾಗಿನಿಂದ ಅವಳು ಅತ್ತಿರಲಿಲ್ಲ, ಮಾತೂ ಆಡಿರಲಿಲ್ಲ. ಏನು ಕೇಳಿದರೂ ತಲೆಯಾಡಿಸುವುದು, ಅಷ್ಟೆ.

ಗುರುದತ್ತ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಬಲವಂತ ಮಾಡ್ಬೇಡ ರತ್ನಾ. ಸಾವಿನ ಮನೆಗೆ ಮಗು ಯಾಕೆ? ನಮ್ಮಲ್ಲಾದ್ರೆ ಪಕ್ಕದ ಮನೇಲಿ ಬಿಟ್ಟು ಹೋಗ್ತಾರೆ."

"ಪಕ್ಕದ ಮನೆಯೋರೇ ಹೋಗಿರೋದು ಕಣ್ರೀ. ಎಲ್ಲಿ ಬಿಡ್ಲಿ?"

ಎಪ್ಪತ್ತರ ದಶಕದ ಮಾತು; ದಕ್ಷಿಣ ಮೇರಿಲ್ಯಾಂಡಿನ ಹೊಗೆಸೊಪ್ಪಿನ ಊರು ಅದು. ಗುರುದತ್ತ ದಿನವೂ ವಾಷಿಂಗ್ಟನ್ನಿನ ಲ್ಯಾಬಿಗೆ ಡ್ರೈವ್ ಮಾಡಿಕೊಂಡು ಹೋದರೆ ಕತ್ತಲಾದ ಮೇಲೇ ವಾಪಸು. ರತ್ನಾ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು; ಅವಳಿಗೆ ಹೊತ್ತುಗೊತ್ತಿಲ್ಲ. ವಿನುತಾಳನ್ನು ಕೂಸಾಗಿದ್ದಾಗಿನಿಂದ ಸಾಕಿದವಳು ಪಕ್ಕದ ಮನೆಯ ವಿಧವೆ ಕೇಟಿ. ತಿನ್ನಿಸಿದ್ದು, ಮಲಗಿಸಿದ್ದು, ಸ್ಕೂಲ್ ಬಸ್ಸಿಗೆ ಕಾದದ್ದು ಎಲ್ಲ ಅವಳೇ.

ಶೂ ಒಳಗೆ ಹೋಯಿತು.

*

ಎರಡು ವರ್ಷದ ಹಿಂದೆ ಕಿಂಡರ್‌ಗಾರ್ಟನ್ನಿನ ಟೀಚರ್ ರತ್ನಾಳನ್ನು ಕರೆಸಿಕೊಂಡಿದ್ದರು. ಮಗು ಮಾತಾಡುವುದೇ ಇಲ್ಲ, ಆಡಿದರೂ ಏನೇನೋ ಬೆರೆಸುತ್ತದೆ ಎಂದರು. ಮನೆಯಲ್ಲಿ ಬರೀ ಇಂಗ್ಲಿಷ್ ಬಳಸಿ, ನೀವು ಓದಿದವರು, ನಿಮಗೆ ತಿಳಿಯುತ್ತದೆ ಎಂದೂ ಸೇರಿಸಿದರು. ಓದಿದವಳು ಎಂಬ ಮಾತಿಗೆ ರತ್ನಾ ತಲೆಬಾಗಿದಳು. ಆ ದಿನವೇ ಮಗಳ ಜೊತೆ ಕನ್ನಡ ನಿಲ್ಲಿಸಿದಳು. 'ಅಮ್ಮಾ' ಹೋಗಿ 'ಮಾಮ್' ಬಂತು. ಆಮೇಲೆ ಕೇಟಿಯ ಅಡುಗೆಮನೆಗೆ ಹೋಗಿ, ಮಗುವಿನ ಜೊತೆ ನಿಮ್ಮ ಭಾಷೆಯೂ ಬೇಡ ಎಂದು ಅವಳಿಗೂ ಹೇಳಿದಳು.

ಕೇಟಿ ಹಿಟ್ಟು ನಾದುತ್ತಿದ್ದಳು. ಅವಳು ಹುಟ್ಟಿದ್ದು ಆಮಿಶ್ ಜನರಲ್ಲಿ. ಇನ್ನೂರು ವರ್ಷದ ಹಿಂದೆ ಜರ್ಮನ್ ಸೀಮೆಯಿಂದ ಬಂದು, ಇವತ್ತಿಗೂ ಕುದುರೆಗಾಡಿ ಹೂಡುವ, ಮನೆಗೆ ಕರೆಂಟು ಹಾಕಿಸದ ಜನ. ತಾವಾಡುವ ಹಳೆಯ ಜರ್ಮನ್ನಿಗೆ 'ಡಚ್' ಅನ್ನುತ್ತಿದ್ದರು. ಕೇಟಿ ಹೊರಗಿನ ಒಬ್ಬ ಬಸ್ ಡ್ರೈವರನ್ನು ಮದುವೆಯಾದಳು. ಅಲ್ಲಿಗೆ ಪಂಕ್ತಿಯಿಂದ ಹೊರಗೆ. ತಂಗಿ ಲಿಡಿಯಾಳ ಮನೆಗೆ ಹೋದರೂ ಅವಳಿಗೆ ಬೇರೆ ಟೇಬಲ್ಲು, ಗೇಣು ದೂರದಲ್ಲಿ. ಇದನ್ನು ಮೊದಲು ಕೇಳಿದಾಗ ರತ್ನಾಳಿಗೆ ಆಶ್ಚರ್ಯವೇನೂ ಆಗಿರಲಿಲ್ಲ. ಅವಳಜ್ಜಿಯ ಮನೆಯಲ್ಲೂ ಸಮುದ್ರ ದಾಟಿ ಬಂದ ಮಾವನಿಗೆ ಎಲೆ ಹಾಕುತ್ತಿದ್ದದ್ದು ಹೊರ ಜಗಲಿಯಲ್ಲಿ.

"ಬರೀ ಇಂಗ್ಲಿಷಾ?" ಎಂದಳು ಕೇಟಿ. "ನನ್ನ ಗಂಡನೂ ಹೀಗೇ ಹೇಳಿದ್ದ, ಜರ್ಮನಿ ಜೊತೆ ಯುದ್ಧದ ಕಾಲದಲ್ಲಿ. ಮಗುವಿನ ಬಾಯಲ್ಲಿ ಜರ್ಮನ್ ಬಂದರೆ ಬೀದಿಯಲ್ಲಿ ಕಲ್ಲು ಹೊಡೀತಾರೆ ಅಂತ. ಮಗಳು ಜೋನ್‌ಗೆ ನಾನು ಒಂದು ಪದವೂ ಕಲಿಸಲಿಲ್ಲ."

"ಜೋನ್‌ಗೆ ಅದರಿಂದ ತೊಂದರೆಯೇನೂ ಆಗಲಿಲ್ಲವಲ್ಲ."

"ಇಲ್ಲ. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು."

ಕೇಟಿ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು. ಆಗಲಿ ಅನ್ನಲಿಲ್ಲ, ಆಗುವುದಿಲ್ಲ ಅಂತಲೂ ಅನ್ನಲಿಲ್ಲ. ರತ್ನಾ ಒಪ್ಪಿಗೆ ಸಿಕ್ಕಿತೆಂದೇ ತಿಳಿದು ಬಂದಳು.

*

ಚರ್ಚಿನಲ್ಲಿ ಜನ ಹೆಚ್ಚಿರಲಿಲ್ಲ. ಕೇಟಿಯ ಪೆಟ್ಟಿಗೆಯ ಪಕ್ಕ ಮಗಳು ಜೋನ್ ಬಂದವರ ಕೈ ಕುಲುಕುತ್ತಿದ್ದಳು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹೊರಗೆ ಕುದುರೆಯ ಸದ್ದಾಯಿತು. ಕಪ್ಪು ಟೋಪಿ, ಕಪ್ಪು ಶಾಲಿನ ಮುದುಕಿ ಒಬ್ಬಳೇ ಒಳಬಂದು ಹಿಂದಿನ ಸಾಲಿನ ತುದಿಯಲ್ಲಿ ಕೂತಳು. ಕೇಟಿಯ ತಂಗಿ ಲಿಡಿಯಾ. ಯಾರೂ ಅವಳ ಪಕ್ಕಕ್ಕೆ ಹೋಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಕೆಳಗಿನ ಹಾಲ್‌ನಲ್ಲಿ ಊಟ. ಹ್ಯಾಮ್, ಆಲೂಗಡ್ಡೆ ಸಲಾಡ್, ಕಾಫಿ. ಗುರುದತ್ತ ತಟ್ಟೆಯಲ್ಲಿ ಒಂದು ಬನ್ನು ಇಟ್ಟುಕೊಂಡು ನಿಂತ.

"ವಿನು ಎಲ್ಲಿ?" ಎಂದ.

ವಿನುತಾ ಲಿಡಿಯಾಳ ಮುಂದೆ ನಿಂತಿದ್ದಳು. ಮಾತಾಡುತ್ತಿದ್ದಳು.

ರತ್ನಾ ಹತ್ತಿರ ಹೋದಳು. ಇಂಗ್ಲಿಷ್ ಅಲ್ಲ. ಮಗಳು ಕೈ ತಿರುಗಿಸಿ ಒಂದೇ ಸಮನೆ ಹೇಳುತ್ತಿದ್ದಳು, ನಡುವೆ ಒಮ್ಮೆ ಹುಬ್ಬು ಗಂಟಿಕ್ಕಿ ತಪ್ಪು ತಿದ್ದಿಕೊಂಡಳು. ಅವಳು ಇಷ್ಟು ಮಾತಾಡಬಲ್ಲಳೆಂದು ರತ್ನಾಳಿಗೆ ಗೊತ್ತಿರಲಿಲ್ಲ.

"ನೀವು ಇವಳ ತಾಯಿಯೇ?" ಲಿಡಿಯಾ ಇಂಗ್ಲಿಷಿಗೆ ತಿರುಗಿದಳು. "ನನ್ನ ಮೊಮ್ಮಕ್ಕಳು ಡಚ್ ಆಡುತ್ತವೆ, ಆದರೆ ಹಸು ಫೆನ್ಸ್ ಜಂಪ್ ಮಾಡಿತು ಅನ್ನುತ್ತವೆ. ಇವಳು ಹಾಗಲ್ಲ. ಇದು ನಮ್ಮ ಅಮ್ಮನ ಡಚ್. ಕೇಟಿ ಮನೆ ಬಿಟ್ಟಾಗ ಒಯ್ದದ್ದನ್ನ ಹಾಗೇ ಇಟ್ಟಿದ್ದಾಳೆ."

"ನಮ್ಮ ಮನೇಲೂ ಹಸು ಫೆನ್ಸ್ ಜಂಪ್ ಮಾಡುತ್ತೆ," ಎಂದ ಗುರುದತ್ತ ನಗಲು ನೋಡಿ. ಯಾರೂ ನಗಲಿಲ್ಲ.

ಜೋನ್ ಕಾಫಿಯ ಕಪ್ಪು ಹಿಡಿದು ಬಂದು ನಿಂತಿದ್ದಳು. ಕಣ್ಣು ಬಾತುಕೊಂಡಿತ್ತು. ಚಿಕ್ಕಮ್ಮನ ಜೊತೆ ಅವಳು ಮಾತಾಡಿದ್ದು ಇದೇ ಮೊದಲು.

"ಅಮ್ಮ ಆಸ್ಪತ್ರೆಯಲ್ಲಿ ಒಂದೇ ಮಾತು ಹೇಳ್ತಾ ಇದ್ದಳು. ಸ್ಟ್ರೋಕ್ ಆದ ಮೇಲೆ ಇಂಗ್ಲಿಷ್ ಪೂರ್ತಿ ಹೋಗಿಬಿಟ್ಟಿತ್ತು. ಅದರ ಅರ್ಥ ನೀವು ಹೇಳ್ತೀರೇನೋ ಅಂತ." ಅವಳು ನಿಧಾನವಾಗಿ, ಕಲಿತ ಪಾಠ ಒಪ್ಪಿಸುವ ಹಾಗೆ ಉಚ್ಚರಿಸಿದಳು. "ಇಶ್ ಬಿನ್ ದಾಶ್‌ಡಿಶ್. ಸಾಯೋ ತನಕ ಅದೇ."

ಲಿಡಿಯಾ ಶಾಲಿನ ಅಂಚು ಎಳೆದುಕೊಂಡಳು.

"ಅದು ಮನೆಯ ಮಾತು," ಎಂದಳು. "ಚಿಕ್ಕವರಿದ್ದಾಗ ದಿನಾ ಆಡ್ತಿದ್ದ ಮಾತು."

"ಪ್ರಾರ್ಥನೆಯೇ?"

ಲಿಡಿಯಾ ಮುಖ ಪಕ್ಕಕ್ಕೆ ತಿರುಗಿಸಿದಳು.

"ಪ್ರಾರ್ಥನೆ ಅಲ್ಲ," ಎಂದಳು ವಿನುತಾ, ಇಂಗ್ಲಿಷಿನಲ್ಲಿ. "ಅವಳಿಗೆ ಬಾಯಾರಿಕೆ."

*

ಕೇಟಿ ಇದ್ದ ವಾರ್ಡು ರತ್ನಾಳದೇ. ಕೇಟಿಯ ಗಂಟಲಿನ ಬಲ ಹೋಗಿತ್ತು. ನೀರು ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಬಾಯಿಗೆ ಏನೂ ಕೊಡಕೂಡದು ಎಂದು ರತ್ನಾ ಆರ್ಡರ್ ಬರೆದಳು. ಮಾತು ತೊದಲುತ್ತಿತ್ತು. ಮಿದುಳಿಗೆ ಪೆಟ್ಟು ಬಿದ್ದವರು ಹೀಗೆ ಅರ್ಥವಿಲ್ಲದ ಶಬ್ದ ಹೊರಡಿಸುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಮಾತು ಅಸಂಬದ್ಧ ಎಂದೂ ಬರೆದಳು. ತಾನು ಬೇಡವೆಂದ ಭಾಷೆ ಇನ್ನೂ ಆ ಬಾಯಲ್ಲಿರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ.

ವಿನುತಾ ದಿನವೂ ಕೇಳಿದ್ದಳು. "ಮಾಮ್, ಕ್ಯಾನ್ ಐ ಸೀ ಹರ್?"

"ಚಿಕ್ಕ ಮಕ್ಕಳನ್ನು ವಾರ್ಡಿಗೆ ಬಿಡೋದಿಲ್ಲ. ರೂಲ್," ಎಂದು ರತ್ನಾ ಇಂಗ್ಲಿಷಿನಲ್ಲೇ ಹೇಳಿದ್ದಳು. ರೂಲ್ ಇದ್ದದ್ದು ನಿಜ.

*

"ಬಾಯಾರಿಕೆ," ಎಂದಳು ಜೋನ್.

ಯಾರೋ ಹಿಂದೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

"ನಾನು ಕೈ ಹಿಡ್ಕೊಂಡು ಕೂತಿದ್ದೆ ಡಾಕ್ಟರ್. ಅವಳು ಹೇಳಿದಾಗೆಲ್ಲ, ಹೌದಮ್ಮಾ, ಹೌದು ಅಂತಿದ್ದೆ."

"ನುಂಗೋ ಶಕ್ತಿ ಇರಲಿಲ್ಲ, ಜೋನ್," ಎಂದಳು ರತ್ನಾ. "ಗೊತ್ತಿದ್ದರೂ ಕುಡಿಸೋಕೆ ಆಗ್ತಿರಲಿಲ್ಲ."

"ತುಟಿ ಒದ್ದೆ ಮಾಡಬಹುದಿತ್ತಾ?"

"ಮಾಡಬಹುದಿತ್ತು."

"ಗೊತ್ತಿದ್ದರೆ ಮಾಡ್ತಿದ್ದಿರಾ?"

"ಮಾಡ್ತಿದ್ದೆ. ಗೊತ್ತಾಗಲಿಲ್ಲ. ಅರ್ಥವಿಲ್ಲದ ಮಾತು ಅಂತ ಬರೆದೆ."

ಜೋನ್ ಕೈಯಲ್ಲಿದ್ದ ಕಪ್ಪನ್ನು ಟೇಬಲ್ಲಿನ ಮೇಲಿಟ್ಟಳು. "ನೀವು ಹೊರಗಿನವರು. ನಾನು ಮಗಳು," ಎಂದು ಹೇಳಿ ತಟ್ಟೆ ಪೇರಿಸುತ್ತಿದ್ದವರ ಕಡೆಗೆ ಹೋಗಿಬಿಟ್ಟಳು. ಲಿಡಿಯಾ ಎದ್ದು ವಿನುತಾಳ ತಲೆ ಮುಟ್ಟಿ ಏನೋ ಅಂದಳು. ವಿನುತಾ ತಲೆಯಾಡಿಸಿದಳು. ಏನಂದಳೆಂದು ರತ್ನಾ ಕೇಳಲಿಲ್ಲ.

*

ಕಾರಿನಲ್ಲಿ ಗುರುದತ್ತನೇ ಮೊದಲು ಬಾಯಿಬಿಟ್ಟ.

"ನೀನು ನೀರು ಕೊಟ್ಟಿದ್ರೂ ಹೋಗ್ತಿದ್ರು. ಡಾಕ್ಟರ್ ನೀನು, ನಿನಗೆ ನಾನು ಹೇಳ್ಬೇಕಾ?"

"ಹೋಗ್ತಿದ್ರು."

"ಮತ್ತೆ?"

"ಸಾಯೋವಾಗ ಬಾಯಿಗೆ ಒಂದು ತೊಟ್ಟು ನೀರು ಬಿಡೋರೂ ಇಲ್ದೆ ಹೋಗ್ಲಿ ಅಂತ ನಮ್ಮಜ್ಜಿ ಜಗಳದಲ್ಲಿ ಶಾಪ ಹಾಕ್ತಿದ್ರು ಕಣ್ರೀ. ಅದಕ್ಕಿಂತ ದೊಡ್ಡ ಬೈಗುಳ ಅವರಿಗೆ ಗೊತ್ತಿರ್ಲಿಲ್ಲ."

ಅವನು ಗೇರ್ ಬದಲಿಸಿದ. ರಸ್ತೆಯ ಎರಡೂ ಬದಿ ಹೊಗೆಸೊಪ್ಪು ಒಣಗಿಸುವ ಮರದ ಕೊಟ್ಟಿಗೆಗಳು, ಉತ್ತು ಬಿಟ್ಟ ಹೊಲ. ಹಿಂದಿನ ಸೀಟಿನಲ್ಲಿ ವಿನುತಾ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಶೂ ಎರಡೂ ಕಳಚಿ ಕೆಳಗೆ ಬಿದ್ದಿದ್ದವು.

"ಕನ್ನಡ ಬಿಟ್ಟಿದ್ದು ನಾನು," ಎಂದಳು ರತ್ನಾ. "ಕೇಟಿ ತಮ್ಮ ಮಾತು ಬಿಡ್ಲಿಲ್ಲ. ಇವಳಿಗೆ ದುಃಖ ಬಂದ್ರೆ ಯಾವ ಮಾತಲ್ಲಿ ಹೇಳ್ಕೋತಾಳೆ? ನಾನು ಸಾಯೋವಾಗ ಕನ್ನಡದಲ್ಲಿ ಏನಾದ್ರೂ ಅಂದ್ರೆ ಇವಳು ಏನ್ಮಾಡ್ತಾಳೆ?"

"ಯೆಸ್ ಮಾಮ್ ಅಂತಾಳೆ," ಎಂದ ಗುರುದತ್ತ. ಅಂದ ಮೇಲೆ ಅವನ ಮುಖ ಸಣ್ಣದಾಯಿತು.

ಹಿಂದಿನಿಂದ ದನಿ ಬಂತು. ಯಾರಿಗೂ ಹೇಳಿದ್ದಲ್ಲ, ಕಿಟಕಿಗೆ ಹೇಳಿದ್ದು.

"ಇಶ್ ಬಿನ್ ದಾಶ್‌ಡಿಶ್."

"ವಾಟ್, ವಿನು?" ಎಂದ ಗುರುದತ್ತ.

"ಕಾರ್ ನಿಲ್ಸಿ," ಎಂದಳು ರತ್ನಾ.

"ಏನಂದ್ಳು ಅವಳು?"

"ಬಾಯಾರಿಕೆಯಂತೆ. ನಿಲ್ಸಿ."

ಮುಂದೆ ಗ್ಯಾಸ್ ಸ್ಟೇಷನ್ ಇತ್ತು. ಭಾನುವಾರ, ಮುಚ್ಚಿತ್ತು. ಸೋಡಾ ಮೆಷಿನ್ನಿನ ಮೇಲೆ ಕೆಟ್ಟಿದೆ ಎಂದು ರಟ್ಟು ಅಂಟಿಸಿದ್ದರು. ಗೋಡೆಯ ಪಕ್ಕ ಕಾರಿನ ರೇಡಿಯೇಟರಿಗೆ ನೀರು ತುಂಬುವ ನಲ್ಲಿ ಇತ್ತು. ರತ್ನಾ ಮಗಳನ್ನು ಇಳಿಸಿದಳು. ಕಾಲುಚೀಲದಲ್ಲೇ ಹುಡುಗಿ ಬಂದಳು. ನಲ್ಲಿ ತಿರುಗಿಸಿದರೆ ಮೊದಲು ತುಕ್ಕಿನ ನೀರು ಬಂತು. ತಿಳಿಯಾಗುವವರೆಗೆ ಇಬ್ಬರೂ ಕಾದರು.

ಲೋಟವಿರಲಿಲ್ಲ. ರತ್ನಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಿದಳು.

"ಕುಡಿ," ಎಂದಳು, ಕನ್ನಡದಲ್ಲಿ.

ವಿನುತಾ ಅವಳ ಮುಖ ನೋಡಿದಳು. ಆಮೇಲೆ ಬಗ್ಗಿ ಬೊಗಸೆಯೊಳಗೆ ಬಾಯಿ ಇಟ್ಟಳು. ನೀರು ಬೆರಳ ಸಂದಿಯಿಂದ ಸೋರುತ್ತಿತ್ತು, ಮುಂಗೈಗೆ ಇಳಿದು ರವಿಕೆಯ ತೋಳು ನೆನೆಸುತ್ತಿತ್ತು. ಅದು ಖಾಲಿಯಾದಾಗ ರತ್ನಾ ಮತ್ತೆ ತುಂಬಿದಳು. ಹುಡುಗಿ ಮತ್ತೆ ಬಗ್ಗಿದಳು. ಅವಳ ಹೆಗಲು ಅಲುಗತೊಡಗಿತು. ರತ್ನಾ ಬೊಗಸೆ ಬಿಡಿಸಲಿಲ್ಲ.